ನಮ್ಮ ಹಾವು ಊಟ ಬಿಟ್ಟಿದೆ, ಕಾಯಿಲೆ ಇರಬಹುದಾ?

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್‌ನಲ್ಲಿದ್ದೇವೆ. ಮಗ ಹಟ ಹಿಡಿದು ಸಾಕಿರುವ ಬಾಲ್ ಪೈಥಾನ್‌ಗೆ ಈಗ ಮೂರು ವರ್ಷ. ನವೆಂಬರ್‌ನಿಂದ ಇಲಿ ಮುಟ್ಟಿಲ್ಲ, ಈಗ ಜನವರಿ. ನೋಡೋಕೆ ಚೆನ್ನಾಗೇ ಇದೆ. ಊರಿಂದ ಅಜ್ಜಿ ಫೋನಿನಲ್ಲಿ ‘ಒಂದು ಬಟ್ಟಲು ಹಾಲು ಇಟ್ಟು ನೋಡ್ರೋ’ ಅನ್ನುತ್ತಾರೆ. ಡಾಕ್ಟರ ಹತ್ತಿರ ಓಡಬೇಕಾ, ಕಾಯಬೇಕಾ?

ಉತ್ತರ: ಅಜ್ಜಿಗೆ ಬೇಜಾರಾದರೂ ಸರಿ, ಹಾಲು ಮಾತ್ರ ಬೇಡ. ಹಾವಿಗೆ ಅದು ಜೀರ್ಣ ಆಗುವುದಿಲ್ಲ. ನಾಗರಪಂಚಮಿಗೆ ಹಾವಾಡಿಗರ ಹಾವು ಹಾಲು ಕುಡಿಯುತ್ತಿತ್ತಲ್ಲ, ಅದು ನೀರಿಲ್ಲದೆ ಬಾಯಾರಿ ಬೆಂಡಾದ ಹಾವು. ಭಕ್ತಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ನಿಮ್ಮ ಪ್ರಶ್ನೆ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಣ್ಣ ಹೆಬ್ಬಾವು. ಬೆಳೆದ ಹಾವು ಚಳಿಗಾಲದಲ್ಲಿ, ಬೆದೆಯ ಕಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಇರುವುದು ಮಾಮೂಲು. ಹಾಗಾಗಿ ಎಷ್ಟು ವಾರ ತಿಂದಿಲ್ಲ ಅಂತ ಎಣಿಸುವುದಕ್ಕಿಂತ ತೂಕ ನೋಡುವುದು ಮೇಲು. ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ ಸಾಕು. ಮುಚ್ಚಳ ಇರುವ ಡಬ್ಬಿಯಲ್ಲಿ ಹಾವನ್ನಿಟ್ಟು ಎರಡು ವಾರಕ್ಕೊಮ್ಮೆ ತೂಗಿ, ಬರೆದಿಡಿ. 1500 ಗ್ರಾಂ ಇದ್ದದ್ದು 1460 ಆದರೆ ಚಿಂತೆ ಬೇಡ. 1350ಕ್ಕೆ ಇಳಿದರೆ, ಅಂದರೆ ಹತ್ತರಲ್ಲಿ ಒಂದು ಪಾಲು ಕರಗಿದರೆ, ಡಾಕ್ಟರಿಗೆ ತೋರಿಸಿ. ಬೆನ್ನೆಲುಬಿನ ಏಣು ಎದ್ದು ಕಂಡರೂ ಅಷ್ಟೇ. ಇದೆಲ್ಲ ಬೆಳೆದ ಹಾವಿನ ಲೆಕ್ಕ. ವರ್ಷ ತುಂಬದ ಮರಿ ಊಟ ಬಿಟ್ಟರೆ ಇಷ್ಟು ದಿನ ಕಾಯಬೇಡಿ.

ತೂಕ ಸರಿ ಇದ್ದರೆ ಮುಂದೆ ನೋಡಬೇಕಾದ್ದು ಗಾಜಿನ ಪೆಟ್ಟಿಗೆಯನ್ನು. ಹಾವಿಗೆ ಮೈಬಿಸಿ ಹೊರಗಿನಿಂದಲೇ ಬರಬೇಕು. ಬಿಸಿ ಸಾಲದಿದ್ದರೆ ಇಲಿ ಅರಗುವುದಿಲ್ಲ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಪೆಟ್ಟಿಗೆಯ ಒಂದು ಬದಿ 88ರಿಂದ 92 ಡಿಗ್ರಿ ಫ್ಯಾರನ್‌ಹೀಟ್ ಇರಲಿ, ಇನ್ನೊಂದು ಬದಿ 76ರಿಂದ 80. ಗಾಜಿಗೆ ಅಂಟಿಸುವ ಮುಳ್ಳಿನ ಮೀಟರ್ ನಂಬಬೇಡಿ, ತಂತಿ ಇರುವ ಡಿಜಿಟಲ್ ಥರ್ಮಾಮೀಟರ್ ಕೊಳ್ಳಿ. ಪೆಟ್ಟಿಗೆಯ ಅಡಿಗಿಡುವ ಹೀಟ್ ಮ್ಯಾಟ್‌ಗೆ ಬಿಸಿ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟ್ ಇರಲೇಬೇಕು. ಅದಿಲ್ಲದೆ ಹೊಟ್ಟೆ ಸುಟ್ಟುಕೊಂಡ ಹಾವುಗಳು ಎಷ್ಟೋ. ಮೈ ಸುಡುತ್ತಿದ್ದರೂ ಅದು ಬೇಗ ಜರುಗುವುದಿಲ್ಲ, ಅದೇ ತೊಂದರೆ. ಚಳಿಗಾಲದಲ್ಲಿ ಮನೆಯ ಹೀಟರ್ ಗಾಳಿಯನ್ನೂ ಒಣಗಿಸುತ್ತದೆ. ತೇವಾಂಶ ಶೇ 60ರ ಆಸುಪಾಸು ಇರಲಿ. ಕಡಿಮೆಯಾದರೆ ಪೊರೆ ಇಡಿಯಾಗಿ ಬರದೆ ಚೂರುಚೂರಾಗಿ ಕಿತ್ತುಬರುತ್ತದೆ. ಕಣ್ಣಿನ ಮೇಲೆ ಪೊರೆ ಉಳಿದರೆ ಉಗುರಿನಿಂದ ಕೀಳಬೇಡಿ, ಕಣ್ಣೇ ಹೋದೀತು. ಅಂದಹಾಗೆ, ಪೊರೆ ಬಿಡುವ ಮುಂಚೆ ಕಣ್ಣು ನೀಲಿಯಾಗಿ ಮಸುಕಾಗುತ್ತದೆ. ಆಗ ತಿನ್ನದಿರುವುದೂ ಸಹಜ.

ಕಾಯಬಾರದ ವಿಷಯ ಒಂದಿದೆ: ಉಸಿರಾಟ. ಗಟ್ಟಿಮುಟ್ಟಾದ ಹಾವಿನ ಉಸಿರು ನಮಗೆ ಕೇಳಿಸುವುದೇ ಇಲ್ಲ. ಗೊರಗೊರ ಸದ್ದು, ಬಾಯಿ ಅಥವಾ ಮೂಗಿನ ಹತ್ತಿರ ನೊರೆ, ಬಾಯಿ ತೆರೆದು ಉಸಿರಾಡುವುದು, ತಲೆಯನ್ನು ಮೇಲಕ್ಕೆತ್ತಿಯೇ ಕೂರುವುದು, ಇವು ಶ್ವಾಸಕೋಶಕ್ಕೆ ಸೋಂಕು ತಗುಲಿದ ಗುರುತು. ಹಾವಿಗೆ ನಮ್ಮ ಹಾಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ, ಇಲ್ಲ. ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ, ಅದು ಒಳಗೇ ನಿಲ್ಲುತ್ತದೆ. ಪೊರೆ ಬಿಡುವ ಹೊತ್ತಿಗೆ ಮೂಗಿನಲ್ಲಿ ಸಿಕ್ಕಿದ ಸಿಪ್ಪೆಯಿಂದ ಸಣ್ಣಗೆ ಸೀಟಿ ಹೊಡೆದಂತೆ ಕೇಳಿಸುವುದುಂಟು. ಪೊರೆ ಹೋದ ಮೇಲೆ ಅದೂ ಹೋಗಬೇಕು. ಹೋಗದಿದ್ದರೆ, ಅಥವಾ ಜೊತೆಗೆ ನೊರೆ ಇದ್ದರೆ, ಆ ವಾರವೇ ಡಾಕ್ಟರು. ಬಿಸಿ ಹೆಚ್ಚಿಸಿದರೆ ತಾನೇ ವಾಸಿಯಾಗುತ್ತದೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಆಂಟಿಬಯೋಟಿಕ್ ಬೇಕಾಗಬಹುದು, ಅದೂ ವಾರಗಟ್ಟಲೆ. ಮನೆಯಲ್ಲಿ ಉಳಿದ ನಿಮ್ಮ ಮಾತ್ರೆ ಪುಡಿ ಮಾಡಿ ಕೊಡುವ ಸಾಹಸ ಬೇಡ.

ಬಾಯೊಳಗೆ ಕೆಂಪು ಚುಕ್ಕೆ ಅಥವಾ ಗಟ್ಟಿ ಕೀವು ಕಂಡರೂ, ತಲೆ ಹಿಂದಕ್ಕೆ ವಾಲಿಸಿ ಆಕಾಶ ನೋಡಿದಂತೆ ಇದ್ದರೂ ತಡಮಾಡಬೇಡಿ. ಎರಡನೆಯದು ನರದ ತೊಂದರೆ, ಕೆಲವೊಮ್ಮೆ ವಾಸಿಯಾಗದ ವೈರಸ್ ಕಾಯಿಲೆ. ಹಾವು ನೀರಿನ ಬಟ್ಟಲಿನಲ್ಲೇ ಮುಳುಗಿ ಕೂತಿದ್ದರೆ ನೀರಿನ ತಳ ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅವು ಮೈಟ್ ಎಂಬ ರಕ್ತ ಹೀರುವ ಹುಳಗಳು. ಗಲ್ಲದ ಕೆಳಗೆ, ಕಣ್ಣಿನ ಸುತ್ತ ಅಡಗುತ್ತವೆ. ಔಷಧಿಯ ಜೊತೆಗೆ ಇಡೀ ಪೆಟ್ಟಿಗೆಯನ್ನೇ ತೊಳೆಯಬೇಕು. ಮನೆಯಲ್ಲಿ ಆಮೆಯೂ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಹಾವಿಗೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ವಿಷ.

ಡಾಕ್ಟರೂ ಹಾವು ನೋಡಿ ಪಳಗಿದವರೇ ಆಗಿರಲಿ. ಸರೀಸೃಪ ವೈದ್ಯರ ಸಂಘ ಎಆರ್‌ಎವಿ ತನ್ನ ಜಾಲತಾಣದಲ್ಲಿ ಸದಸ್ಯರ ಪಟ್ಟಿ ಕೊಡುತ್ತದೆ. ಹಾವನ್ನು ದಿಂಬಿನ ಕವರಿನಲ್ಲಿ ಹಾಕಿ, ಕವರಿನ ಬಾಯಿ ಕಟ್ಟಿ, ಬೆಚ್ಚಗಿನ ಡಬ್ಬಿಯಲ್ಲಿಟ್ಟು ಒಯ್ಯಿರಿ. ತೂಕ ಬರೆದ ಚೀಟಿ, ಉಸಿರಾಟದ ವಿಡಿಯೊ, ಸಿಕ್ಕರೆ ಹಿಕ್ಕೆಯ ಸ್ಯಾಂಪಲ್ ಜೊತೆಗಿರಲಿ. ಹಾವು ಮುಟ್ಟಿದ ಮೇಲೆ ಮಗ ಸೋಪು ಹಾಕಿ ಕೈ ತೊಳೆಯುತ್ತಾನಾ ಅಂತಲೂ ನೋಡಿ, ಹಾವಿನಿಂದ ನಮಗೆ ಅಂಟಬಹುದಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸುಮ್ನೆ ಅಲ್ಲ.

ಈ ಯಾವ ಗುರುತೂ ಇಲ್ಲ, ತೂಕ ನಿಂತಿದೆ ಅಂದರೆ ಹತ್ತು-ಹದಿನಾಲ್ಕು ದಿನಕ್ಕೊಮ್ಮೆ ಮಾತ್ರ ಇಲಿ ಕೊಟ್ಟು ನೋಡಿ. ಫ್ರೀಜ್ ಮಾಡಿದ ಇಲಿಯನ್ನು ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ರಾತ್ರಿ ಇಡಿ. ಜೀವಂತ ಇಲಿ ಬಿಟ್ಟರೆ ಅದೇ ಹಾವನ್ನು ಕಚ್ಚೀತು. ತಿನ್ನದಿದ್ದರೆ ಬೆಳಿಗ್ಗೆ ತೆಗೆದುಬಿಡಿ. ತಿಂದರೆ ಎರಡು ದಿನ ಹಾವನ್ನು ಎತ್ತಿಕೊಳ್ಳಬೇಡ ಅಂತ ಮಗನಿಗೆ ಹೇಳಿ, ಇಲ್ಲವಾದರೆ ಕಕ್ಕಿಬಿಡುತ್ತದೆ.