ಬಲೆಗೆ ಬಿದ್ದ ಪತಂಗ, ಮೊಬೈಲಿಗೆ ಬಂದ ಲೆಕ್ಕ

"ಸರ್, ಮೊಬೈಲಿಗೆ ಮೆಸೇಜ್ ಬಂದೈತಿ. ರಾತ್ರಿ 11 ಪತಂಗ ಬಿದ್ದಾವಂತ. ಎಣ್ಣಿ ಹೊಡಿಯೋಣೇನ್ರಿ?"

ಬೆಳಗ್ಗೆ ಆರೂವರೆಗೆ ಮಾನ್ವಿ ಕಡೆಯ ಹತ್ತಿ ಬೆಳೆಗಾರರೊಬ್ಬರ ಫೋನ್. ಎಣ್ಣಿ ಅಂದರೆ ಇಲ್ಲಿ ಕೀಟನಾಶಕ. ಪತಂಗ ಎಣಿಸಿ ಮೊಬೈಲಿಗೆ ಲೆಕ್ಕ ಕಳಿಸುವ ಯಂತ್ರದ ಬಲೆ ಅವರ ಹೊಲದಲ್ಲಿದೆ. ನಿನ್ನೆ ಎಷ್ಟು ಬಿದ್ದಿದ್ವು ಅಂತ ಕೇಳಿದೆ. 3. ಮೊನ್ನೆ? 2. ಹಾಗಿದ್ರೆ ಇವತ್ತು ಬೇಡ, ಇನ್ನೆರಡು ರಾತ್ರಿ ನೋಡಿ ಎಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಲೆಕ್ಕ ಬಂದ ಮೇಲೆ ಸುಮ್ನೆ ಕೂರೋದು ಕಷ್ಟ, ಅಲ್ವಾ?

ಈ ಪತಂಗದ ಮರಿಯೇ ಹತ್ತಿ ಕಾಯಿ ಕೊರೆಯುವ ಗುಲಾಬಿ ಕಾಯಿಕೊರಕ. ಅದಕ್ಕೆ ಔಷಧಿ ಹೊಡೆಯಲು ನಾವು ಹಿಡಿಯುವ ಅಳತೆ ಇದು: ಒಂದು ಬಲೆಗೆ ಒಂದು ರಾತ್ರಿಗೆ 8 ಪತಂಗ, ಅದೂ ಸತತ 3 ರಾತ್ರಿ. ಬಲೆಯಲ್ಲಿ ಹೆಣ್ಣು ಪತಂಗದ ವಾಸನೆಯ ಲೂರ್, ಅಂದರೆ ಆಮಿಷ, ಇರುತ್ತದೆ. ಅದಕ್ಕೆ ಬಂದು ಬೀಳುವುದು ಗಂಡು ಮಾತ್ರ. ಆದರೆ ಗಂಡು ಹಾರುತ್ತಿದೆ ಅಂದರೆ ಹೆಣ್ಣೂ ಹೊಲದಲ್ಲಿದೆ, ಮೊಟ್ಟೆ ಇಡುತ್ತಿದೆ. ಆ ಮೊಟ್ಟೆ ಒಡೆಯಲು ಸುಮಾರು ನಾಲ್ಕೈದು ದಿನ ಬೇಕು. ಹಾಗಾಗಿ ಮೂರು ರಾತ್ರಿ ಕಾದರೂ ಹೊಲ ಕೈತಪ್ಪುವುದಿಲ್ಲ.

ಮರಿ ಹೊರಬಂದ ಮೇಲೆ ಮಾತ್ರ ಆಟ ಬೇರೆ. ಅದು ಬೇಗನೆ ಕಾಯಿಯೊಳಗೆ ಸೇರುತ್ತದೆ, ಹೊಕ್ಕ ತೂತೂ ಮುಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಟ್ಯಾಂಕ್ ಹೊಡೆದರೂ ಎಲೆ ತೊಳೆದ ಹಾಗೆ. 2002ರಲ್ಲಿ ಕಾಯಿಕೊರಕವನ್ನು ತಾನೇ ಕೊಲ್ಲುವ ಜೀನ್ ಸೇರಿಸಿದ ಬಿಟಿ ಹತ್ತಿ ಬಂದಾಗ ಕಾಯಿಕೊರಕದ ಚಿಂತೆ ತೀರಿತು ಅಂದುಕೊಂಡಿದ್ದೆವು. 2006ರಲ್ಲಿ ಅಂಥ ಎರಡು ಜೀನ್‌ನ ಬೀಜವೂ ಬಂತು. ಈಗ ಗುಲಾಬಿ ಹುಳು ಎರಡಕ್ಕೂ ಒಗ್ಗಿಕೊಂಡಿದೆ. ಹಾಗಂತ ಹೆದರಿ ಮೊದಲೇ ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ರಸ ಹೀರುವ ಬಿಳಿನೊಣ ಜಾಸ್ತಿಯಾಗುತ್ತದೆ. ಅಂದರೆ ಔಷಧಿಯ ಹೆಸರಿಗಿಂತ ಹೊಡೆಯುವ ದಿನವೇ ಮುಖ್ಯ.

ಆ ದಿನ ಗೊತ್ತಾಗಬೇಕಾದರೆ ದಿನವೂ ಯಾರೋ ಎರೆ ಹೊಲದ ಕೆಸರು ತುಳಿದು ಬಲೆ ಬಿಚ್ಚಿ ಎಣಿಸಬೇಕು. ನಾಲ್ಕು ದಿನ ಎಣಿಸುತ್ತಾರೆ, ಐದನೇ ದಿನ ಮಳೆ, ಆರನೇ ದಿನ ಮದುವೆ. ಯಂತ್ರದ ಬಲೆ ಉಪಯೋಗಕ್ಕೆ ಬರುವುದು ಇಲ್ಲಿ. ಅಂಟು ಹಾಳೆಯ ಮೇಲೊಂದು ಕ್ಯಾಮೆರಾ, ಸಣ್ಣ ಸೋಲಾರ್ ಫಲಕ, ಒಂದು ಸಿಮ್. ಫೋಟೋ ಹೋಗುತ್ತದೆ, ತಂತ್ರಾಂಶ ಪತಂಗ ಗುರುತಿಸಿ ಎಣಿಸುತ್ತದೆ, ಮೊಬೈಲಿಗೆ ಅಂಕಿ ಬರುತ್ತದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯೂ ಗುಲಾಬಿ ಹುಳುವಿಗೆಂದೇ ಇಂಥ ಬಲೆ ಮಾಡಿದೆ.

ಯಂತ್ರ ಎಣಿಸುವುದರಲ್ಲಿ ಗಟ್ಟಿ, ಅರ್ಥ ಮಾಡಿಕೊಳ್ಳುವುದರಲ್ಲಿ ಅಲ್ಲ. ಒಮ್ಮೆ ಒಂದು ಬಲೆ ಎರಡು ವಾರ ಸೊನ್ನೆ ತೋರಿಸಿತು. ನಾನೂ ಖುಷಿಯಾಗಿದ್ದೆ. ಹೋಗಿ ನೋಡಿದರೆ ಲೂರ್ ಬದಲಿಸಿ ಎರಡು ತಿಂಗಳಾಗಿತ್ತು! ಮೂರ್ನಾಲ್ಕು ವಾರಕ್ಕೆ ಅದರ ವಾಸನೆ ಸಾಯುತ್ತದೆ. ಫೋಟೋ ಮಾತ್ರ ಚೆನ್ನಾಗಿ ಬರುತ್ತಿತ್ತು, ಖಾಲಿ ಹಾಳೆಯದು. ಇನ್ನೊಂದು ಕಡೆ ಅಂಕಿ ಇಳಿಯುತ್ತಲೇ ಇರಲಿಲ್ಲ. ಬಲೆ ಇದ್ದದ್ದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಹತ್ತಿರ. ಅಲ್ಲಿ ಪೇರಿಸಿದ್ದ ಹತ್ತಿಯಿಂದಲೇ ಪತಂಗ ಏಳುತ್ತಿದ್ದವು. ಹಾಳೆಗೆ ದೂಳು ಕೂತರೆ, ಪತಂಗ ಒಂದರ ಮೇಲೊಂದು ಬಿದ್ದರೆ ಲೆಕ್ಕ ತಪ್ಪುವುದೂ ಉಂಟು. ವಾರಕ್ಕೊಮ್ಮೆ ಫೋಟೋ ತೆರೆದು ನೀವೇ ಎಣಿಸಿ ನೋಡಿ.

ಮೆಣಸಿನಕಾಯಿಯವರು ಇದೇ ಬಲೆ ಕೇಳುತ್ತಾರೆ. ಅವರ ಬೆಳೆಯ ರಸ ಹೀರುವ ಸಣ್ಣ ಕೀಟ ಥ್ರಿಪ್ಸ್‌ಗೆ ಈ ಲೂರ್ ಕೆಲಸಕ್ಕೆ ಬಾರದು, ನೀಲಿ ಅಂಟು ಹಾಳೆ ಕಟ್ಟಿ. ಸಿಂಧನೂರು, ಗಂಗಾವತಿಯ ಭತ್ತದ ಕಂದು ಜಿಗಿಹುಳಕ್ಕೆ ದೀಪದ ಬಲೆ ಬೇಕು. ಜೊತೆಗೆ ಬುಡ ಬಗ್ಗಿಸಿ ನೋಡಲೇಬೇಕು.

ಹತ್ತಿಯಲ್ಲೂ ಬಗ್ಗುವುದು ತಪ್ಪಿದ್ದಲ್ಲ. ಎಕರೆಗೆ ಅಲ್ಲಲ್ಲಿ 20 ಹಸಿ ಕಾಯಿ ಕಿತ್ತು ಒಡೆಯಿರಿ. ಎರಡರಲ್ಲಿ ಹುಳು ಅಥವಾ ಅದರ ತೂತು ಕಂಡರೆ ಬಲೆ ಏನೇ ಹೇಳಲಿ, ತಡ ಮಾಡಬೇಡಿ. ಒಂದೊಂದು ಹೊಲಕ್ಕೂ ಕ್ಯಾಮೆರಾ ಬಲೆ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಒಂದೇ ಹೊತ್ತಿಗೆ ಬಿತ್ತಿದ ಅಕ್ಕಪಕ್ಕದವರು ಸೇರಿ ಒಂದು ಹಾಕಿಕೊಳ್ಳಿ. ಉಳಿದ ಹೊಲಗಳಿಗೆ ಎಕರೆಗೆ ಎರಡರಂತೆ ಸಾದಾ ಬಲೆ ಸಾಕು, ಬಿತ್ತಿ 45 ದಿನಕ್ಕೆ ಕಟ್ಟಿ.

ಮಾನ್ವಿಯವರು ಮೂರನೇ ದಿನ ಮತ್ತೆ ಫೋನ್ ಮಾಡಿದರು. 11 ಆದ ಮೇಲೆ 4, ಆಮೇಲೆ 5. ಒಡೆದ 20 ಕಾಯಿಯಲ್ಲಿ ಒಂದರಲ್ಲಿ ಹುಳು. "ಹಂಗಾರ ಎಣ್ಣಿ ಡಬ್ಬಿ ಅಂಗಡಿಗೆ ವಾಪಸ್ ಕೊಡ್ಲೇನ್ರಿ?" ಎಂದರು. ಇಟ್ಟುಕೊಳ್ಳಿ ಎಂದೆ. ಹದಿನೈದು ದಿನದ ಮೇಲೆ 9, 12, 10 ಬಂತು. ಆಗ ಡಬ್ಬಿ ತೆಗೆದರು.