ಪದ ಪರಿಚಯ: ಕ್ಲಾಸ್ ಬ್ಯಾಲೆನ್ಸ್

"ಪ್ಯಾಲಡಿನ್ ಒಂದೇ ಸುತ್ತಿನಲ್ಲಿ ಐವತ್ತು ಹೊಡೆದ, ಫೈಟರ್ ಇಪ್ಪತ್ತೆರಡು. ಇದೆಂಥ ಬ್ಯಾಲೆನ್ಸ್?" ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಪಾತ್ರ ವಹಿಸಿ, ದಾಳ ಎಸೆದು ಆಡುವ ಆಟ; ಪ್ಯಾಲಡಿನ್ (ದೈವಬಲದ ಯೋಧ), ಫೈಟರ್ (ಆಯುಧದ ಯೋಧ) ಅದರ ಪಾತ್ರವರ್ಗಗಳು, ಅಂದರೆ ಕ್ಲಾಸ್‌ಗಳು. ಅದನ್ನು ಆಡುವವರ ನಡುವೆ ಈ ಮಾತು ಓಡಾಡೀ ಓಡಾಡೀ, ಬ್ಯಾಲೆನ್ಸ್ ಅಂದರೆ ಡ್ಯಾಮೇಜ್ (ಹೊಡೆತದಿಂದ ಆಗುವ ಹಾನಿ) ಅಂಕಿ ಸರಿಸಮ ಇರುವುದು ಎಂಬ ಅರ್ಥವೇ ನಿಂತುಬಿಟ್ಟಿದೆ. ಕನ್ನಡದಲ್ಲಿ ಬರೆಯುವವರು ಮೊದಲ ವಾಕ್ಯದಲ್ಲಿ ಸಮತೋಲನ ಅನ್ನುತ್ತಾರೆ, ಎರಡನೆಯದರಲ್ಲಿ ಸಮಬಲ ಅನ್ನುತ್ತಾರೆ, ನಡುವೆ ಅರ್ಥ ಬದಲಾದದ್ದು ಗಮನಕ್ಕೇ ಬರುವುದಿಲ್ಲ.

ಸಮಬಲ ಕುಸ್ತಿ, ಕಬಡ್ಡಿಗಳ ಪದ. ಇಬ್ಬರೂ ಒಂದೇ ಆಟವನ್ನು ಒಂದೇ ನಿಯಮದಲ್ಲಿ ಆಡಿ ಸರಿಸಮ ನಿಂತರೆ ಅದು ಸಮಬಲದ ಹೋರಾಟ. ಸಮತೋಲನ ತಕ್ಕಡಿಯ ಪದ. ಇದರ 'ತೋಲನ' ಸಂಸ್ಕೃತದ 'ತುಲ್' ಧಾತುವಿನದು, ತುಲಾ ಅಂದರೆ ತಕ್ಕಡಿ. ಬ್ಯಾಲೆನ್ಸ್ ಕೂಡ ತಕ್ಕಡಿಯಿಂದಲೇ ಬಂದದ್ದು: ಲ್ಯಾಟಿನ್ನಿನಲ್ಲಿ 'ಬಿ' ಅಂದರೆ ಎರಡು, 'ಲ್ಯಾಂಕ್ಸ್' ಅಂದರೆ ತಟ್ಟೆ. ಎರಡು ತಟ್ಟೆಯದ್ದು ಅಂದರೆ ತಕ್ಕಡಿಯೇ. ತಟ್ಟೆ ಎರಡಿರುವುದು ಬೇರೆ ಬೇರೆ ವಸ್ತು ಇಡುವುದಕ್ಕೆ. ಧರ್ಮಸ್ಥಳದಲ್ಲಿ ಮಗುವಿಗೆ ತುಲಾಭಾರ ಮಾಡಿಸುವಾಗ ಒಂದು ಕಡೆ ಮಗು, ಇನ್ನೊಂದು ಕಡೆ ಬೆಲ್ಲ. ಮುಳ್ಳು ನೆಟ್ಟಗೆ ನಿಂತಿತೆಂದು ಮಗುವೂ ಬೆಲ್ಲವೂ ಒಂದೇ ಎಂದು ಯಾರೂ ಹೇಳುವುದಿಲ್ಲ.

ನಮ್ಮ ಅಚ್ಚಗನ್ನಡದ 'ತೂಗು' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಕ್ಕಿ ತೂಗುವುದಕ್ಕೂ ತೊಟ್ಟಿಲು ತೂಗುವುದಕ್ಕೂ ಅದೊಂದೇ ಕ್ರಿಯಾಪದ. ತಕ್ಕಡಿಯೂ ಮೊದಲು ತೊಟ್ಟಿಲಿನಂತೆ ಮೇಲೆ ಕೆಳಗೆ ಆಡಿ ಆಮೇಲೆ ನಿಲ್ಲುತ್ತದೆ. ಆಡುತ್ತಿರುವಾಗಲೇ ಮುಳ್ಳು ನೋಡಿ ತೂಕ ಹೇಳಿದರೆ ತಪ್ಪುತ್ತದೆ. ಒಂದೇ ಸುತ್ತಿನ ಡ್ಯಾಮೇಜ್ ನೋಡಿ ಬ್ಯಾಲೆನ್ಸ್ ಇಲ್ಲ ಅನ್ನುವವರು ಮಾಡುತ್ತಿರುವುದು ಇದನ್ನೇ.

ಹಾಗಾಗಿ ಕ್ಲಾಸ್ ಬ್ಯಾಲೆನ್ಸ್ ಅಂದರೆ: ಒಂದು ಕ್ಲಾಸ್ ಕೊಡುವುದೂ ಅದು ಕೇಳುವ ಬೆಲೆಯೂ, ಆಟದ ನಿಯಮ ಎಣಿಸಿಕೊಂಡಿರುವ ಅವಧಿಯ ಕೊನೆಗೆ, ಪಕ್ಕದ ಕ್ಲಾಸಿಗೆ ಸರಿತೂಗುವುದು. ಎಲ್ಲರೂ ಮರೆಯುವುದು ಆ ಅವಧಿಯನ್ನು. ಐದನೇ ಆವೃತ್ತಿಯ 2014ರ ನಿಯಮದಲ್ಲಿ ಆ ಅವಧಿ ಒಂದು ಸಾಹಸದ ದಿನ, ಅಂದರೆ ಒಂದು ಲಾಂಗ್ ರೆಸ್ಟ್‌ನಿಂದ (ಪೂರ್ಣ ವಿಶ್ರಾಂತಿ) ಇನ್ನೊಂದಕ್ಕೆ. ಆ ದಿನದಲ್ಲಿ ಮಧ್ಯಮ ಅಥವಾ ಕಠಿಣ ಮಟ್ಟದ 6ರಿಂದ 8 ಎನ್‌ಕೌಂಟರ್ (ಎದುರಾಗುವ ಕದನ), ನಡುವೆ ಸುಮಾರು ಎರಡು ಶಾರ್ಟ್ ರೆಸ್ಟ್ (ಚಿಕ್ಕ ವಿಶ್ರಾಂತಿ) ಎಂದು ಆಟ ನಡೆಸುವ ಡಂಜನ್ ಮಾಸ್ಟರ್‌ಗೆ ಸ್ಪಷ್ಟವಾಗಿಯೇ ಹೇಳಿದೆ.

ಲೆಕ್ಕ ಹಾಕಿಯೇ ನೋಡೋಣ. ಫೈಟರ್, ಪ್ಯಾಲಡಿನ್ ಇಬ್ಬರೂ 5ನೇ ಲೆವೆಲ್, ಸ್ಟ್ರೆಂತ್ (ಮೈಬಲ) 18, ಕೈಯಲ್ಲಿ ಗ್ರೇಟ್‌ಸೋರ್ಡ್ (ದೊಡ್ಡ ಕತ್ತಿ), ಎದುರಾಳಿಯ ಆರ್ಮರ್ ಕ್ಲಾಸ್ (ಹೊಡೆತ ತಗುಲಲು ಮುಟ್ಟಬೇಕಾದ ಅಂಕಿ) 15. ಹೊಡೆತಕ್ಕೆ +7, ಅಂದರೆ ಡಿ20ಯಲ್ಲಿ (ಇಪ್ಪತ್ತು ಮುಖದ ದಾಳ) 8 ಅಥವಾ ಹೆಚ್ಚು ಬಿದ್ದರೆ ಸಾಕು, 65%. ತಗುಲಿದರೆ ಸರಾಸರಿ 11. ಸುತ್ತಿಗೆ ಎರಡು ಹೊಡೆತ, ಒಟ್ಟು 14.3. ಕ್ರಿಟಿಕಲ್ (20 ಬಿದ್ದಾಗ ಡ್ಯಾಮೇಜ್ ದಾಳ ಇಮ್ಮಡಿಯಾಗುವುದು) ಮತ್ತು ಫೈಟಿಂಗ್ ಸ್ಟೈಲನ್ನು (ಯೋಧನ ವಿಶೇಷ ಪಟ್ಟು) ಇಬ್ಬರಿಗೂ ಲೆಕ್ಕದಿಂದ ಬಿಟ್ಟಿದ್ದೇನೆ.

ದಿನಕ್ಕೆ ಒಂದೇ ಕದನ, ಅದೂ ಮೂರು ಸುತ್ತು ಎಂದಿಟ್ಟುಕೊಳ್ಳಿ. ಫೈಟರ್‌ಗೆ ಒಂದು ಆಕ್ಷನ್ ಸರ್ಜ್ (ಅದೇ ಸುತ್ತಿನಲ್ಲಿ ಇನ್ನೆರಡು ಹೊಡೆತ) ಸೇರಿ ಒಟ್ಟು 57. ಪ್ಯಾಲಡಿನ್ ತಗುಲಿದ ಪ್ರತಿ ಹೊಡೆತಕ್ಕೂ ಡಿವೈನ್ ಸ್ಮೈಟ್ (ಸ್ಲಾಟ್, ಅಂದರೆ ಮಂತ್ರಶಕ್ತಿಯ ಒಂದು ಪಾಲು, ಖರ್ಚು ಮಾಡಿ ಸೇರಿಸುವ ದೈವೀ ಪೆಟ್ಟು) ಸುರಿಯುತ್ತಾನೆ, ದೊಡ್ಡ ಸ್ಲಾಟ್ ಮೊದಲು: 87. ಒಂದೂವರೆ ಪಟ್ಟು. ದೂರು ಹುಟ್ಟುವುದು ಇಲ್ಲೇ.

ಇನ್ನು ಆರು ಕದನ, ಹದಿನೆಂಟು ಸುತ್ತು, ಎರಡು ಶಾರ್ಟ್ ರೆಸ್ಟ್. ಪ್ಯಾಲಡಿನ್ ಹತ್ತಿರ ಮೊದಲ ಲೆವೆಲಿನ ನಾಲ್ಕು, ಎರಡನೆಯದರ ಎರಡು ಸ್ಲಾಟ್. ಸ್ಮೈಟ್ ಕ್ರಮವಾಗಿ 2ಡಿ8, 3ಡಿ8 (ಎಂಟು ಮುಖದ ಎರಡು ದಾಳ, ಮೂರು ದಾಳ). ಆರನ್ನೂ ಸುಟ್ಟರೆ ದಿನವಿಡೀ ಸಿಗುವ ಹೆಚ್ಚುವರಿ 63, ಒಟ್ಟು 320. ಫೈಟರ್‌ಗೆ ಆಕ್ಷನ್ ಸರ್ಜ್ ಪ್ರತಿ ಶಾರ್ಟ್ ರೆಸ್ಟಿಗೂ ಮರಳುವುದರಿಂದ ಮೂರು ಸಲ: ಹೆಚ್ಚುವರಿ 43, ಒಟ್ಟು 300. ಅಂತರ 7% ಕೂಡ ಇಲ್ಲ. ಆ ಸ್ಲಾಟ್‌ಗಳಲ್ಲಿ ಒಂದನ್ನು ಪ್ಯಾಲಡಿನ್ ಬ್ಲೆಸ್‌ಗೆ (ತಂಡದವರ ಎಸೆತಕ್ಕೆ ಬಲ ಕೊಡುವ ಮಂತ್ರ) ಖರ್ಚು ಮಾಡಿದರೆ ಅವನ ಪಾಲಿನ ಅಂತರ ಇನ್ನೂ ಕಿರಿದು.

ಜನ ಇದನ್ನು ನಂಬುವುದಿಲ್ಲ, ಯಾಕೆಂದರೆ ಸ್ಮೈಟ್ ಕಣ್ಣಿಗೆ ಬೀಳುವಂಥದ್ದು. 2014ರ ನಿಯಮದಲ್ಲಿ ಹೊಡೆತ ತಗುಲಿದ ಮೇಲೆ ಸ್ಮೈಟ್ ಘೋಷಿಸಬಹುದು, ಹಾಗಾಗಿ ಒಂದು ಸ್ಲಾಟೂ ದಂಡವಾಗುವುದಿಲ್ಲ. 20 ಬಿದ್ದದ್ದನ್ನು ನೋಡಿ, ಆಮೇಲೆ ಎರಡನೇ ಲೆವೆಲಿನ ಸ್ಲಾಟ್ ಹಾಕಿದರೆ ಮೂರು ಡಿ8 ಆರಾಗುತ್ತದೆ. ಮೇಜಿನ ಸುತ್ತ ಇದ್ದವರಿಗೆ ವಾರಗಟ್ಟಲೆ ನೆನಪಿರುವುದು ಆ ಎಸೆತ. ಐದನೇ ಕದನದಲ್ಲಿ ಸ್ಲಾಟ್ ಖಾಲಿಯಾಗಿ ಬರಿ ಕತ್ತಿ ಬೀಸಿದ್ದು ಯಾರಿಗೂ ನೆನಪಿರುವುದಿಲ್ಲ.

ಬಾರ್ಬೇರಿಯನ್ ಎಂಬ ಇನ್ನೊಂದು ಕ್ಲಾಸಿನ ವಿಷಯದಲ್ಲಿ ತಪ್ಪುವುದು ಬೆಲೆಯ ಕಡೆ. ರೇಜ್‌ನಿಂದ (ಕೋಪಾವೇಶ) ಪ್ರತಿ ಪೆಟ್ಟಿಗೆ +2, ರೆಕ್ಲೆಸ್ ಅಟ್ಯಾಕ್‌ನ (ಮೈಮರೆತ ದಾಳಿ) ಅಡ್ವಾಂಟೇಜ್ (ಎರಡು ದಾಳ ಎಸೆದು ದೊಡ್ಡದನ್ನು ಹಿಡಿಯುವುದು) ಸೇರಿದರೆ ಅದೇ ಸುತ್ತಿಗೆ 22.8. 'ಫೈಟರ್ ಯಾಕೆ ಬೇಕು' ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಇನ್ನೊಂದು ತಟ್ಟೆ ನೋಡಿ: ರೆಕ್ಲೆಸ್ ಆದವನ ಮೇಲೆ ಎದುರಾಳಿಗಳಿಗೂ ಅಡ್ವಾಂಟೇಜ್. 50% ತಗುಲುತ್ತಿದ್ದವರು 75% ತಗುಲುತ್ತಾರೆ. ರೇಜ್ ಇದ್ದರೆ ಆಯುಧದ ಪೆಟ್ಟು ಅರ್ಧವಾಗುವುದರಿಂದ ಅದು 37.5%ಕ್ಕೆ ಸಮ, ಲಾಭವೇ. ಆದರೆ 5ನೇ ಲೆವೆಲಿನಲ್ಲಿ ದಿನಕ್ಕೆ ರೇಜ್ ಮೂರೇ. ನಾಲ್ಕನೇ ಕದನದಲ್ಲೂ ರೆಕ್ಲೆಸ್ ಆದರೆ ಒಂದೂವರೆ ಪಟ್ಟು ಪೆಟ್ಟು ನೇರ ಮೈಮೇಲೆ. ಬೆಂಕಿ, ವಿಷದಂಥ ಪೆಟ್ಟುಗಳಿಗೆ ಸಾಮಾನ್ಯ ರೇಜ್ ಅಡ್ಡ ಬರುವುದೂ ಇಲ್ಲ. ದಿನವಿಡೀ ಕತ್ತಿ ಬಿಲ್ಲಿನವರನ್ನೇ ಎದುರಿಗೆ ಬಿಟ್ಟು, ಬಾರ್ಬೇರಿಯನ್ ಸಾಯುವುದೇ ಇಲ್ಲ ಎಂದು ದೂರುವ ಡಂಜನ್ ಮಾಸ್ಟರ್ ತಾನೇ ಒಂದು ತಟ್ಟೆಯನ್ನು ಖಾಲಿ ಬಿಟ್ಟಿರುತ್ತಾನೆ.

ಅವಧಿ ಯಾವಾಗಲೂ ಒಂದು ದಿನವೇ ಆಗಿರಲಿಲ್ಲ. 1989ರ ಎರಡನೇ ಆವೃತ್ತಿಯಲ್ಲಿ ಎರಡನೇ ಲೆವೆಲ್ ಮುಟ್ಟಲು ಫೈಟರ್‌ಗೆ 2,000 ಎಕ್ಸ್‌ಪಿ (ಅನುಭವದ ಅಂಕ) ಸಾಕಿತ್ತು, ಪ್ಯಾಲಡಿನ್‌ಗೆ 2,250 ಬೇಕಿತ್ತು. ಜೊತೆಗೆ ಪ್ಯಾಲಡಿನ್ ಆಗಲು ಕರಿಸ್ಮಾ (ವ್ಯಕ್ತಿತ್ವದ ಸೆಳೆತ) ಕನಿಷ್ಠ 17. ಮೂರು ದಾಳ ಎಸೆದು ಅದನ್ನು ಪಡೆಯುವ ಸಾಧ್ಯತೆ 216ರಲ್ಲಿ 4. ಅಲ್ಲಿ ತೂಕ ನಿಲ್ಲಬೇಕಿದ್ದದ್ದು ಇಡೀ ಕ್ಯಾಂಪೇನ್ (ಹಲವು ಸಾಹಸಗಳ ಉದ್ದನೆಯ ಕಥೆ) ಮುಗಿಯುವ ಹೊತ್ತಿಗೆ. 2008ರ ನಾಲ್ಕನೇ ಆವೃತ್ತಿ ಅವಧಿಯನ್ನು ಒಂದೇ ಕದನಕ್ಕೆ ಇಳಿಸಿತು. ಎಲ್ಲ ಕ್ಲಾಸಿಗೂ ಅಟ್-ವಿಲ್, ಎನ್‌ಕೌಂಟರ್, ಡೈಲಿ (ಬೇಕೆಂದಾಗ, ಕದನಕ್ಕೊಮ್ಮೆ, ದಿನಕ್ಕೊಮ್ಮೆ ಬಳಸುವ ಶಕ್ತಿಗಳು) ಎಂಬ ಒಂದೇ ಚೌಕಟ್ಟು. ಆಗ 'ಎಲ್ಲವೂ ಒಂದೇ ಥರ' ಎಂಬ ದೂರು ಬಂತು. ಅದೂ ಪೂರ್ತಿ ಸರಿಯಲ್ಲ: ಫೈಟರ್ ಗುರುತು ಹಾಕಿದ ಶತ್ರು ಬೇರೆಯವರ ಮೇಲೆ ಕೈಮಾಡಿದರೆ ಅವನ ಎಸೆತಕ್ಕೆ -2, ಸ್ಟ್ರೈಕರ್‌ಗೆ (ಹೊಡೆಯುವುದೇ ಕೆಲಸವಾದ ಕ್ಲಾಸ್) ಹೆಚ್ಚುವರಿ ಡ್ಯಾಮೇಜ್. ಒಬ್ಬ ತಡೆಯುತ್ತಾನೆ, ಇನ್ನೊಬ್ಬ ಕೊಲ್ಲುತ್ತಾನೆ. 2024ರ ಪರಿಷ್ಕರಣೆ ಸ್ಮೈಟನ್ನು ಬೋನಸ್ ಆಕ್ಷನ್ನಿನ (ಟರ್ನ್‌ಗೆ ಒಂದೇ ಸಿಗುವ ಚಿಕ್ಕ ನಡೆ) ಮಂತ್ರವಾಗಿಸಿ ಟರ್ನ್‌ಗೆ ಒಂದಕ್ಕೆ ಕಟ್ಟಿಹಾಕಿತು. ಮೇಲಿನ ಒಂದೇ ಕದನದ ಲೆಕ್ಕಕ್ಕೆ ಆ ಒಂದು ನಿಯಮವನ್ನಷ್ಟೇ ಸೇರಿಸಿದರೆ 30ರ ಅಂತರ 18ಕ್ಕೆ ಇಳಿಯುತ್ತದೆ.

ಅಂತರ ಕಂಡ ಕೂಡಲೇ ಫೈಟರ್‌ಗೆ ಮಂತ್ರದ ಕತ್ತಿ ಕೊಡುವುದು, ಸ್ಮೈಟನ್ನು ಅರ್ಧ ಮಾಡುವುದು, ಇವೆರಡೂ ಅವಸರದ ಚಿಕಿತ್ಸೆ. ಮುಂದಿನ ವಾರ ಆರು ಕದನದ ಕೋಟೆಗೆ ಹೋದಾಗ ತಟ್ಟೆ ಇನ್ನೊಂದು ಕಡೆ ವಾಲುತ್ತದೆ. ಮೊದಲು ಎಣಿಸಬೇಕಾದದ್ದು ಲಾಂಗ್ ರೆಸ್ಟ್‌ಗಳ ನಡುವೆ ಎಷ್ಟು ಕದನ, ಎಷ್ಟು ಶಾರ್ಟ್ ರೆಸ್ಟ್ ಆಗುತ್ತಿವೆ ಎಂದು. ಶಾರ್ಟ್ ರೆಸ್ಟಿಗೆ ಒಂದು ಗಂಟೆ ಬೇಕು. 'ಸಮಯ ಇಲ್ಲ' ಎಂದು ಅದನ್ನು ತಪ್ಪಿಸಿದರೆ ಆರು ಕದನದ ದಿನದಲ್ಲೂ ಫೈಟರ್ 300ರಿಂದ 272ಕ್ಕೆ ಇಳಿಯುತ್ತಾನೆ, ಪ್ಯಾಲಡಿನ್ ಇದ್ದಲ್ಲೇ ಇರುತ್ತಾನೆ. ಕಥೆಯೇ ದಿನಕ್ಕೊಂದು ಕದನದ್ದಾದರೆ 2014ರ ನಿಯಮದಲ್ಲೇ ಇರುವ ಐಚ್ಛಿಕ ಪದ್ಧತಿ ಬಳಸಿ: ಶಾರ್ಟ್ ರೆಸ್ಟ್ 8 ಗಂಟೆ, ಲಾಂಗ್ ರೆಸ್ಟ್ 7 ದಿನ. ಆರು ಕದನ ವಾರಕ್ಕೆ ಹರಡುತ್ತವೆ, ಸ್ಲಾಟೂ ರೇಜೂ ವಾರಕ್ಕೆ ಹರಡುತ್ತವೆ. ಎಂಟು ಗಂಟೆ ನಿಲ್ಲುವ ಮೇಜ್ ಆರ್ಮರ್‌ನಂಥ ರಕ್ಷಣೆಯ ಮಂತ್ರ ಆಗ ಒಂದೇ ಕದನಕ್ಕೆ ಮುಗಿಯುತ್ತದೆ, ಅದನ್ನು ಮಂತ್ರವಾದಿ ಆಡುವವರಿಗೆ ಮೊದಲ ದಿನವೇ ಹೇಳಿಬಿಡಿ.