ನೋಂದಣಿಗೂ ನೋವಿಗೂ ಸಂಬಂಧವಿಲ್ಲ

ಕಳೆದ ವಾರ ಉಡುಪಿಯ ಒಂದು ಜೆರಾಕ್ಸ್ ಅಂಗಡಿಯ ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ ಹೀಗೆ ಅಂಟಿಸಿದ್ದರು: ‘ಇಲ್ಲಿ ಜನನ ಮರಣ ನೊಂದಣಿ ಮಾಡಿಕೊಡಲಾಗುವುದು.’ ಎಷ್ಟನೇ ಸಲ ನೋಡುತ್ತಿದ್ದೇನೋ ಲೆಕ್ಕವಿಲ್ಲ. ಒಂದೇ ಸಾಲಿನಲ್ಲಿ ಎರಡು ತಪ್ಪು.

ಮೊದಲು ಕಾಗುಣಿತ. ‘ನೊಂದ’ ಅಂದರೆ ನೋವು ತಿಂದ. ನೊಂದ ಮನಸ್ಸು, ನೊಂದವರು, ಬೆಂದವರು. ‘ನೋಂದಣಿ’ಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ. ಇದು ಮರಾಠಿಯಿಂದ ಬಂದದ್ದು. ಅಲ್ಲಿ ‘ನೋಂದ್’ ಅಂದರೆ ಬರೆದಿಟ್ಟ ದಾಖಲೆ, ‘ನೋಂದಣೀ’ ಅಂದರೆ ಹಾಗೆ ಬರೆದಿಡುವ ಕೆಲಸ. ನಾವು ‘ನೋಂದಾಯಿಸು’ ಅಂತ ಕ್ರಿಯಾಪದ ಮಾಡಿಕೊಂಡೆವು. ‘ನೋಂದಾವಣೆ’ ಅಂತಲೂ ಬರೆಯುತ್ತಾರೆ, ಬರೆಯಲಿ. ಆದರೆ ಆ ದೀರ್ಘ ಬಿಡಬೇಡಿ. ಸೈಟು ರಿಜಿಸ್ಟ್ರಿ ಮಾಡಿಸಲು ಹೋದವರು ‘ನೊಂದಣಿ’ ಅಂತ ಬರೆದರೆ ಕ್ಷಮಿಸಬಹುದು, ಶುಲ್ಕ ಕಟ್ಟಿ ನೊಂದಿರುತ್ತಾರೆ. ಮಗು ಹುಟ್ಟಿದ್ದಕ್ಕೆ ಯಾಕೆ?

ಎರಡನೆಯ ತಪ್ಪು ದೊಡ್ಡದು. ಅಂಗಡಿಯವರು ಮಾಡಿಕೊಡುವುದು ಪ್ರಮಾಣಪತ್ರದ ಅರ್ಜಿ. ನೋಂದಣಿ ಅಂದರೆ ರಿಜಿಸ್ಟ್ರಾರ್ ದಾಖಲೆಯಲ್ಲಿ ಆ ಮಗುವಿನ ಲೆಕ್ಕ ಬರೆಯುವುದು. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ 21 ದಿನದೊಳಗೆ ಮಾಹಿತಿ ಹೋಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಅಲ್ಲಿನವರು ಕೊಡಬೇಕು, ಮನೆಯಲ್ಲಾದರೆ ಮನೆ ಯಜಮಾನರು. ಪ್ರಮಾಣಪತ್ರ ಅದರ ನಕಲು, ಅಷ್ಟೇ. ತಾಯಿ ಕಾರ್ಡ್, ಡಿಸ್ಚಾರ್ಜ್ ಚೀಟಿ ಎರಡೂ ಇದಲ್ಲ.

ನಮ್ಮ ಪಕ್ಕದ ಮನೆಯ ಅಕ್ಕ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವವರೆಗೆ ಫಾರಂ ಅನ್ನು ಕಪಾಟಿನಲ್ಲೇ ಇಟ್ಟುಕೊಂಡಿದ್ದರು. ‘ಹೆಸರೇ ಇಡದೆ ಎಂತ ಬರೆಸುದು ಮಾರಾಯ್ರೆ?’ ಹೆಸರಿನ ಜಾಗ ಖಾಲಿ ಬಿಟ್ಟೇ ಬರೆಸಬಹುದು. ವರ್ಷದೊಳಗೆ ಸೇರಿಸಿದರೆ ಶುಲ್ಕವೂ ಇಲ್ಲ. ಅವರಿಗೆ ಇನ್ನೊಂದು ಗೊಂದಲ: ಮನೆ ಉಡುಪಿಯಲ್ಲಿ, ಹೆರಿಗೆ ಆದದ್ದು ಮಂಗಳೂರಿನಲ್ಲಿ. ಹಾಗಾದರೆ ಮಂಗಳೂರಿನಲ್ಲೇ ನೋಂದಣಿ. ಹುಟ್ಟಿದ ಜಾಗ ನೋಡುತ್ತಾರೆ, ರೇಷನ್ ಕಾರ್ಡಿನ ವಿಳಾಸ ಅಲ್ಲ.

ಸರ್ಟಿಫಿಕೇಟ್ ಶಾಲೆಗೆ, ಪಾಸ್‌ಪೋರ್ಟಿಗೆ ಬೇಕು ಅಂತ ಎಲ್ಲರಿಗೂ ಗೊತ್ತು. ಆರೋಗ್ಯದ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ. ಶಿಶು ಮರಣ ಪ್ರಮಾಣ ಹೇಳುವುದೇ 1000 ಜೀವಂತ ಜನನಕ್ಕೆ ಇಷ್ಟು ಅಂತ. ಹುಟ್ಟಿದ್ದನ್ನೇ ಬರೆಸದಿದ್ದರೆ ಆ ಸಾವಿರ ಎಲ್ಲಿಂದ ಬರಬೇಕು? ಹಾಗಾಗಿ ಹುಟ್ಟಿ ಎರಡೇ ದಿನಕ್ಕೆ ತೀರಿಹೋದ ಮಗುವಿನದ್ದೂ ಎರಡು ಸಲ ಬರೆಸಬೇಕು, ಒಮ್ಮೆ ಜನನ, ಒಮ್ಮೆ ಮರಣ. ಬರೆಸಲು ಬಂದವರು ಆಗ ನಿಜವಾಗಿಯೂ ನೊಂದವರು. ಫಾರಂನ ಮೇಲೆ ಮಾತ್ರ ಆಗಲೂ ‘ನೋಂದಣಿ’ ಅಂತಲೇ ಇರಬೇಕು.